ಶಿಕ್ಷಕರಿಂದ ಕೇಳಬೇಕಾದ ಲೆಕ್ಕ ಯಾವುದು?

2025ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟ್ ನೀಡಿದ ತೀರ್ಪು ದೇಶದ ಲಕ್ಷಾಂತರ ಶಿಕ್ಷಕರ ನಿದ್ದೆ ಕೆಡಿಸಿತು. ಒಂದರಿಂದ ಎಂಟನೇ ತರಗತಿಗಳಿಗೆ ಪಾಠ ಮಾಡುವವರಲ್ಲಿ ನಿವೃತ್ತಿಗೆ ಐದು ವರ್ಷಕ್ಕಿಂತ ಹೆಚ್ಚು ಸೇವೆ ಉಳಿದಿರುವವರು ಎರಡು ವರ್ಷದೊಳಗೆ ಶಿಕ್ಷಕರ ಅರ್ಹತಾ ಪರೀಕ್ಷೆ, ಅಂದರೆ ಟಿಇಟಿ, ಪಾಸಾಗಬೇಕು. ಆಗದವರು ಕೆಲಸ ಬಿಡಬೇಕು ಇಲ್ಲವೇ ಕಡ್ಡಾಯ ನಿವೃತ್ತಿ ಪಡೆಯಬೇಕು ಎಂಬುದು ಅದರ ತಿರುಳು. ಶಿಕ್ಷಣ ಹಕ್ಕು ಕಾಯ್ದೆ ಬರುವ ಮೊದಲೇ ನೇಮಕವಾಗಿ, ಎರಡು ದಶಕ ಪಾಠ ಮಾಡಿದವರಿಗೂ ಇದು ಅನ್ವಯ. ಇದಾದ ಮೂರು ವಾರಕ್ಕೆ, ಸೆಪ್ಟೆಂಬರ್ 22ರಂದು, ಕರ್ನಾಟಕದಲ್ಲಿ ಹಿಂದುಳಿದ ವರ್ಗಗಳ ಆಯೋಗದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ಆರಂಭವಾಯಿತು. ಮನೆಮನೆಗೆ ಹೋದ ಗಣತಿದಾರರಲ್ಲಿ ಹೆಚ್ಚಿನವರು ಇದೇ ಶಿಕ್ಷಕರು. ದಸರಾ ರಜೆ ಮುಗಿದರೂ ಸಮೀಕ್ಷೆ ಮುಗಿಯಲಿಲ್ಲ. ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ರಜೆಯನ್ನು ಅಕ್ಟೋಬರ್ 18ರವರೆಗೆ ವಿಸ್ತರಿಸಲಾಯಿತು.

ಎರಡೂ ಸುದ್ದಿಗಳನ್ನು ಅಕ್ಕಪಕ್ಕ ಇಟ್ಟು ಓದಿದ ಪೋಷಕರಿಗೆ ಗೊಂದಲವಾದರೆ ಆಶ್ಚರ್ಯವಿಲ್ಲ. ಪರೀಕ್ಷೆ ಪಾಸಾಗದ ಶಿಕ್ಷಕ ತರಗತಿಗೆ ಕಾಲಿಡಬಾರದು ಎನ್ನುವ ವ್ಯವಸ್ಥೆ, ಅದೇ ಶಿಕ್ಷಕನನ್ನು ಶಾಲೆಗೆ ಬೀಗ ಹಾಕಿಸಿ ಊರು ಸುತ್ತಿಸುತ್ತದೆ. ಹಾಗಾದರೆ ಶಿಕ್ಷಕರು ನಿಜವಾಗಿ ಯಾವುದಕ್ಕೆ ಉತ್ತರದಾಯಿಗಳು? ಅರ್ಹತೆಗೋ, ಹಾಜರಾತಿಗೋ, ಆದೇಶ ಪಾಲನೆಗೋ, ಮಕ್ಕಳ ಕಲಿಕೆಗೋ? ಕೀನ್ಯಾ, ಇಂಡೊನೇಷ್ಯಾ, ಬ್ರೆಜಿಲ್‌ಗಳೂ ಈ ಪ್ರಶ್ನೆಯೊಡನೆ ಸೆಣಸಿವೆ. ಒಂದೊಂದು ದೇಶ ಒಂದೊಂದು ಉತ್ತರ ಹಿಡಿದು ಪ್ರಯೋಗ ಮಾಡಿದೆ, ಅವುಗಳ ಫಲಿತಾಂಶ ನಮ್ಮ ಮುಂದಿದೆ.

ಹಾಜರಾತಿ: ಹಳೆಯ ದೂರು, ಅರ್ಧ ಸತ್ಯ

ಎರಡು ದಶಕಗಳ ಹಿಂದೆ ಸಂಶೋಧಕರ ತಂಡವೊಂದು ಆರು ದೇಶಗಳ ಶಾಲೆಗಳಿಗೆ ಮುನ್ಸೂಚನೆ ಕೊಡದೆ ಭೇಟಿ ನೀಡಿತು. ಆ ದಿನ ಶಾಲೆಯಲ್ಲಿ ಇಲ್ಲದ ಶಿಕ್ಷಕರ ಪ್ರಮಾಣ ಪೆರುವಿನಲ್ಲಿ ಶೇ 11, ಬಾಂಗ್ಲಾದೇಶದಲ್ಲಿ ಶೇ 16, ಭಾರತದಲ್ಲಿ ಶೇ 25, ಉಗಾಂಡಾದಲ್ಲಿ ಶೇ 27. ಭಾರತದೊಳಗೂ ಅಂತರ ದೊಡ್ಡದು: ಮಹಾರಾಷ್ಟ್ರದಲ್ಲಿ ಶೇ 15, ಜಾರ್ಖಂಡ್‌ನಲ್ಲಿ ಶೇ 42. ಅದೇ ಅಧ್ಯಯನ ದಾಖಲಿಸಿದ ಇನ್ನೊಂದು ಸಂಗತಿ ಇನ್ನೂ ಗಂಭೀರ. ಸುಮಾರು 3,000 ಸರ್ಕಾರಿ ಶಾಲೆಗಳ ಪೈಕಿ ಪದೇ ಪದೇ ಗೈರಾದ ಶಿಕ್ಷಕರನ್ನು ವಜಾ ಮಾಡಿದ್ದಾಗಿ ಹೇಳಿದ್ದು ಒಬ್ಬನೇ ಒಬ್ಬ ಮುಖ್ಯ ಶಿಕ್ಷಕ. ಬಂದರೂ ಬರದಿದ್ದರೂ ಸಂಬಳ ನಿಲ್ಲುವುದಿಲ್ಲ ಎಂಬ ಜನರ ದೂರಿಗೆ ಆಧಾರ ಇತ್ತು.

ಆದರೆ ಈ ಅಂಕಿಗಳನ್ನು ಹಿಡಿದು ‘ಶಿಕ್ಷಕರೇ ಕಳ್ಳರು’ ಎನ್ನುವುದು ಅನ್ಯಾಯ. ಅಜೀಂ ಪ್ರೇಮ್‌ಜಿ ಪ್ರತಿಷ್ಠಾನ 2017ರಲ್ಲಿ ಆರು ರಾಜ್ಯಗಳ 619 ಶಾಲೆಗಳಲ್ಲಿ ಗೈರುಹಾಜರಿಯ ಕಾರಣವನ್ನೂ ಕೇಳಿತು. ಶಾಲೆಯಲ್ಲಿ ಇಲ್ಲದವರು ಶೇ 18ರ ಆಸುಪಾಸು; ಕಾರಣವೇ ಇಲ್ಲದೆ ಗೈರಾದವರು ಶೇ 2.5 ಮಾತ್ರ. ಉಳಿದವರು ಮಂಜೂರಾದ ರಜೆಯಲ್ಲಿದ್ದರು ಅಥವಾ ತರಬೇತಿ, ಸಭೆ, ಇಲಾಖೆಯ ಬೇರೆ ಕೆಲಸದ ಮೇಲೆ ಹೋಗಿದ್ದರು. ಮಗುವಿನ ಕಡೆಯಿಂದ ನೋಡಿದರೆ ಎರಡೂ ಒಂದೇ, ಆ ದಿನ ಪಾಠವಿಲ್ಲ. ಹೊಣೆ ಯಾರದು ಎಂದು ನೋಡಿದರೆ ಮಾತ್ರ ಅಜಗಜಾಂತರ.

ಹಾಜರಾತಿಯನ್ನು ಯಂತ್ರದಿಂದ ಸರಿಪಡಿಸಬಹುದೇ? ರಾಜಸ್ಥಾನದ ಉದಯಪುರ ಜಿಲ್ಲೆಯಲ್ಲಿ ಸೇವಾ ಮಂದಿರ ಎಂಬ ಸಂಸ್ಥೆ ತನ್ನ ಏಕೋಪಾಧ್ಯಾಯ ಕಲಿಕಾ ಕೇಂದ್ರಗಳಲ್ಲಿ ಇದನ್ನು ಪರೀಕ್ಷಿಸಿತು. ಶಿಕ್ಷಕರಿಗೆ ದಿನಾಂಕ, ಸಮಯ ಮುದ್ರಿಸುವ ಕ್ಯಾಮೆರಾ ಕೊಟ್ಟು, ಶಾಲೆ ತೆರೆಯುವಾಗ ಮತ್ತು ಮುಚ್ಚುವಾಗ ಮಕ್ಕಳೊಡನೆ ಫೋಟೊ ತೆಗೆಸಿ, ಆ ಲೆಕ್ಕದಂತೆ ಸಂಬಳ ಕೊಟ್ಟಿತು. ಗೈರುಹಾಜರಿ ಶೇ 42ರಿಂದ ಶೇ 21ಕ್ಕೆ ಇಳಿಯಿತು, ಮಕ್ಕಳ ಅಂಕವೂ ಏರಿತು. ಈ ಯಶಸ್ಸನ್ನು ಎಲ್ಲರೂ ಉಲ್ಲೇಖಿಸುತ್ತಾರೆ. ಅದೇ ಜಿಲ್ಲೆಯಲ್ಲಿ ಸರ್ಕಾರಿ ದಾದಿಯರ ಮೇಲೆ ನಡೆದ ಅಂಥದ್ದೇ ಪ್ರಯೋಗದ ಗತಿಯನ್ನು ಹೇಳುವವರು ಕಡಿಮೆ. ಅಲ್ಲಿ ಮೊದಲ ಆರು ತಿಂಗಳು ಹಾಜರಾತಿ ಏರಿತು. ಆಮೇಲೆ ಆರೋಗ್ಯ ಇಲಾಖೆಯೇ ‘ವಿನಾಯಿತಿ ದಿನ’ಗಳನ್ನು ಧಾರಾಳವಾಗಿ ಕೊಡತೊಡಗಿತು, ಒಂದೂವರೆ ವರ್ಷ ತುಂಬುವ ಮೊದಲೇ ಎಲ್ಲವೂ ಹಿಂದಿನಂತಾಯಿತು. ಯಂತ್ರದಲ್ಲಿ ದೋಷವಿರಲಿಲ್ಲ. ಯಂತ್ರ ಹೇಳಿದ್ದನ್ನು ಕೇಳಿಸಿಕೊಳ್ಳುವ ಇಚ್ಛೆ ಮೇಲಿನವರಿಗೆ ಇರಲಿಲ್ಲ.

ಉತ್ತರ ಪ್ರದೇಶ 2024ರ ಜುಲೈನಲ್ಲಿ ಶಿಕ್ಷಕರಿಗೆ ಡಿಜಿಟಲ್ ಹಾಜರಾತಿ ಕಡ್ಡಾಯ ಮಾಡಿದಾಗ ಇದೇ ಎಳೆ ಮತ್ತೆ ಕಂಡಿತು. ಮಳೆಗಾಲದಲ್ಲಿ ರಸ್ತೆ ಮುಳುಗಿದರೆ ಏನು ಮಾಡಬೇಕು, ಅರ್ಧ ದಿನದ ರಜೆ ಏಕಿಲ್ಲ, ಗಳಿಕೆ ರಜೆ ಏಕಿಲ್ಲ ಎಂದು ಶಿಕ್ಷಕರು ಕೇಳಿದರು. ಪ್ರತಿಭಟನೆ ಜೋರಾಯಿತು, ಜುಲೈ 16ರಂದು ಆದೇಶವನ್ನು ತಡೆಹಿಡಿಯಲಾಯಿತು. ಅವರ ಪ್ರಶ್ನೆಗಳು ನ್ಯಾಯವಾಗಿಯೇ ಇದ್ದವು. ಆದರೆ ಆದೇಶ ನಿಂತ ಮೇಲೆ, ಪಾಠವಿಲ್ಲದ ದಿನಗಳ ಬಗ್ಗೆ ಮಕ್ಕಳ ಪರವಾಗಿ ಕೇಳುವವರು ಯಾರೂ ಉಳಿಯಲಿಲ್ಲ.

ಅರ್ಹತೆ: ಇಂಡೊನೇಷ್ಯಾ ಕಲಿತ ದುಬಾರಿ ಪಾಠ

ಟಿಇಟಿ ಪರವಾದ ವಾದ ನೇರವಾಗಿದೆ. ವಿಷಯ ತಿಳಿಯದವರು ಕಲಿಸಲಾರರು, ಹಾಗಾಗಿ ಕನಿಷ್ಠ ಅರ್ಹತೆ ಇರಲಿ. ಹೊಸ ನೇಮಕಾತಿಗೆ ಈ ಜರಡಿ ಬೇಕೇ ಬೇಕು. ಈಗಾಗಲೇ ಸೇವೆಯಲ್ಲಿ ಇರುವವರ ಪ್ರಶ್ನೆ ಬೇರೆ. ಶಿಕ್ಷಕರ ಸಂಘಟನೆಗಳು ಆಟದ ನಡುವೆ ನಿಯಮ ಬದಲಾಯಿತು ಎನ್ನುತ್ತಿವೆ. ಉತ್ತರ ಪ್ರದೇಶದ ಮುಖ್ಯಮಂತ್ರಿ ಮರುಪರಿಶೀಲನಾ ಅರ್ಜಿ ಸಲ್ಲಿಸುವಂತೆ ಇಲಾಖೆಗೆ ಸೂಚಿಸಿದ್ದೂ ಈ ಒತ್ತಡದಿಂದಲೇ. ಅಲ್ಪಸಂಖ್ಯಾತ ಸಂಸ್ಥೆಗಳಿಗೆ ತೀರ್ಪು ಅನ್ವಯಿಸುವುದೇ ಎಂಬುದನ್ನು ನ್ಯಾಯಾಲಯ ವಿಸ್ತೃತ ಪೀಠಕ್ಕೆ ಬಿಟ್ಟಿದೆ.

ಈ ಹಗ್ಗಜಗ್ಗಾಟದಲ್ಲಿ ಮರೆಯಾಗುತ್ತಿರುವುದು ಒಂದೇ ಪ್ರಶ್ನೆ: ಪ್ರಮಾಣಪತ್ರ ಬಂದರೆ ಮಕ್ಕಳ ಕಲಿಕೆ ಏರುತ್ತದೆಯೇ? ಇಂಡೊನೇಷ್ಯಾ ಇದಕ್ಕೆ ಅಪಾರ ಹಣ ಸುರಿದು ಉತ್ತರ ಕಂಡುಕೊಂಡಿತು. 2005ರ ಕಾಯ್ದೆಯಂತೆ ಅಲ್ಲಿ ಪ್ರಮಾಣೀಕೃತ ಶಿಕ್ಷಕರಿಗೆ ಮೂಲ ವೇತನದಷ್ಟೇ ಭತ್ಯೆ ಕೊಡಲಾಯಿತು, ಮೂಲ ವೇತನ ದುಪ್ಪಟ್ಟಾದಂತೆ. ಆರಂಭದಲ್ಲಿ ಕಠಿಣ ಪರೀಕ್ಷೆಯ ಆಲೋಚನೆ ಇತ್ತು. ವಿರೋಧದ ಬಳಿಕ ಅದು ದಾಖಲೆ ಪರಿಶೀಲನೆ ಮತ್ತು ಕಿರು ತರಬೇತಿಗೆ ಇಳಿಯಿತು. 360 ಶಾಲೆಗಳಲ್ಲಿ ನಡೆದ ಅಧ್ಯಯನದಲ್ಲಿ ಶಿಕ್ಷಕರ ಸಂತೃಪ್ತಿ ಹೆಚ್ಚಿತ್ತು, ಸಾಲದ ಒತ್ತಡ ಕಡಿಮೆಯಾಗಿತ್ತು. ಎರಡು, ಮೂರು ವರ್ಷಗಳ ನಂತರವೂ ಮಕ್ಕಳ ಅಂಕದಲ್ಲಿ ಮಾತ್ರ ಯಾವ ವ್ಯತ್ಯಾಸವೂ ಕಾಣಲಿಲ್ಲ.

ಇಂಡೊನೇಷ್ಯಾದ್ದು ಸಡಿಲ ಪ್ರಮಾಣೀಕರಣ, ನಮ್ಮದು ನಿಜವಾದ ಪರೀಕ್ಷೆ ಎಂಬ ಉತ್ತರ ಬರಬಹುದು. ಅದು ನಿಜ. ಆದರೂ ಟಿಇಟಿ ಅಳೆಯುವುದು ಶಿಕ್ಷಕರಿಗೆ ಏನು ಗೊತ್ತು ಎಂಬುದನ್ನು. ಒತ್ತಕ್ಷರ ಬಂದಲ್ಲೆಲ್ಲ ಎಡವುವ ನಾಲ್ಕನೇ ತರಗತಿಯ ಹುಡುಗಿಯ ಪಕ್ಕ ಕುಳಿತು, ಅವಳಿಗೆ ತೊಡಕು ಒತ್ತಕ್ಷರದ್ದೋ ಅದಕ್ಕೂ ಹಿಂದಿನ ಕಾಗುಣಿತದ್ದೋ ಎಂದು ಗುರುತಿಸುವ ಕಣ್ಣನ್ನು ಬಹುಆಯ್ಕೆಯ ಪ್ರಶ್ನೆಪತ್ರಿಕೆ ಅಳೆಯಲಾರದು.

ಅಂಕಕ್ಕೆ ಬಹುಮಾನ ಕೊಟ್ಟರೆ?

ಹಾಗಿದ್ದರೆ ಫಲಿತಾಂಶಕ್ಕೇ ನೇರವಾಗಿ ಹಣ ಕೊಡೋಣ ಎಂಬುದು ಅರ್ಥಶಾಸ್ತ್ರಜ್ಞರ ವಾದ. ಅವಿಭಜಿತ ಆಂಧ್ರಪ್ರದೇಶದಲ್ಲಿ ಮಕ್ಕಳ ಅಂಕ ಎಷ್ಟು ಏರಿತು ಎಂಬುದರ ಮೇಲೆ ಶಿಕ್ಷಕರಿಗೆ ವಾರ್ಷಿಕ ವೇತನದ ಸುಮಾರು ಶೇ 3ರಷ್ಟು ಬೋನಸ್ ಕೊಟ್ಟ ಪ್ರಯೋಗದಲ್ಲಿ ಎರಡು ವರ್ಷಗಳಲ್ಲಿ ಗಣಿತ, ಭಾಷೆ ಎರಡರಲ್ಲೂ ಸ್ಪಷ್ಟ ಪ್ರಗತಿ ಕಂಡಿತು. ಕೀನ್ಯಾದ ಅಂಥ ಇನ್ನೊಂದು ಪ್ರಯೋಗದಲ್ಲಿ ಶಿಕ್ಷಕರ ಹಾಜರಾತಿ ಬದಲಾಗಲಿಲ್ಲ. ಪರೀಕ್ಷೆಗೆ ಮುನ್ನ ವಿಶೇಷ ತಯಾರಿ ತರಗತಿಗಳು ಮಾತ್ರ ಹೆಚ್ಚಿದವು. ಅಂಕ ಏರಿತು, ಕಾರ್ಯಕ್ರಮ ನಿಂತ ಮೇಲೆ ಕರಗಿತು.

ಆಂಧ್ರದಲ್ಲಿ ಮೌಲ್ಯಮಾಪನ ಮಾಡಿದವರು ಹೊರಗಿನವರು ಎಂಬುದನ್ನು ಮರೆಯಬಾರದು. ಅದೇ ಬೋನಸ್ಸನ್ನು ಇಲಾಖೆಯ ಪರೀಕ್ಷೆಗೆ ಜೋಡಿಸಿದರೆ ಏನಾದೀತು ಎಂಬುದಕ್ಕೆ ಕರ್ನಾಟಕದ ಎಸ್ಸೆಸ್ಸೆಲ್ಸಿ ಒಂದು ಸುಳಿವು ಕೊಡುತ್ತದೆ. 2023ರಲ್ಲಿ ಉತ್ತೀರ್ಣರಾದವರು ಶೇ 83.89. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್, ಅಂದರೆ ಕ್ಯಾಮೆರಾದ ನೇರ ಕಣ್ಗಾವಲು, ಬಂತು. ಕೃಪಾಂಕವನ್ನು ಶೇ 10ರಿಂದ ಶೇ 20ಕ್ಕೆ ಏರಿಸಿದ ಮೇಲೂ ಫಲಿತಾಂಶ ಶೇ 73.40ಕ್ಕೆ ಕುಸಿಯಿತು. ಮಕ್ಕಳು ಒಂದೇ ವರ್ಷದಲ್ಲಿ ದಡ್ಡರಾಗಲಿಲ್ಲ. ಜಿಲ್ಲೆಯ ಮರ್ಯಾದೆ, ಅಧಿಕಾರಿಯ ಮರ್ಯಾದೆ, ಶಾಲೆಯ ಮರ್ಯಾದೆ ಎಲ್ಲವೂ ಒಂದೇ ಶೇಕಡಾವಾರಿಗೆ ಅಂಟಿಕೊಂಡಾಗ ಆ ಅಂಕಿ ತನ್ನ ನಿಜ ಕಳೆದುಕೊಳ್ಳುತ್ತದೆ. ಹತ್ತನೇ ತರಗತಿಯಲ್ಲೇ ಹೀಗಾದರೆ, ಒಬ್ಬರೇ ಶಿಕ್ಷಕರು ಪ್ರಶ್ನೆ ಓದಿ, ಉತ್ತರ ಬರೆಸಿ, ಅಂಕವನ್ನೂ ಕೊಡುವ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಅಂಕಕ್ಕೆ ಹಣ ಕಟ್ಟುವುದು ಅಪಾಯಕಾರಿ.

ಮತ್ತೊಂದು ಸಲಹೆ ಗುತ್ತಿಗೆ ನೇಮಕಾತಿ. ಕೆಲಸದ ಭದ್ರತೆ ಇಲ್ಲದವರು ಹೆಚ್ಚು ದುಡಿಯುತ್ತಾರೆ ಎಂಬುದು ಅದರ ಹಿಂದಿನ ನಂಬಿಕೆ. ಕೀನ್ಯಾದಲ್ಲಿ ಸ್ವಯಂಸೇವಾ ಸಂಸ್ಥೆ ನಡೆಸಿದಾಗ ಗುತ್ತಿಗೆ ಶಿಕ್ಷಕರಿಂದ ಕಲಿಕೆ ಏರಿತು. ಸರ್ಕಾರವೇ ನಡೆಸಿದಾಗ ಪರಿಣಾಮ ಶೂನ್ಯ. ವೇತನ ತಡವಾಯಿತು, ಮೇಲ್ವಿಚಾರಣೆ ಸಡಿಲವಾಯಿತು, ಸಂಘಟನೆಗಳು ವಿರೋಧಿಸಿದವು. ಅಭದ್ರತೆಯೊಂದೇ ಕಲಿಸುವುದಿಲ್ಲ. ನಮ್ಮ ಅತಿಥಿ ಶಿಕ್ಷಕರನ್ನು ವರ್ಷವರ್ಷವೂ ತೂಗುಯ್ಯಾಲೆಯಲ್ಲಿ ಇಟ್ಟಿರುವುದನ್ನು ಸುಧಾರಣೆ ಎಂದು ಕರೆಯುವುದಂತೂ ಸಲ್ಲದು.

ಕಾಯ್ದೆಯೊಳಗೇ ಇರುವ ಎಳೆದಾಟ

ಇಷ್ಟೆಲ್ಲ ಚರ್ಚೆ ನಡೆದರೂ ಶಿಕ್ಷಕರ ಕರ್ತವ್ಯದ ಬಗ್ಗೆ ನಮ್ಮ ಕಾನೂನು ಏನು ಹೇಳುತ್ತದೆ ಎಂಬುದನ್ನು ಓದುವವರು ವಿರಳ. ಶಿಕ್ಷಣ ಹಕ್ಕು ಕಾಯ್ದೆಯ 24ನೇ ಸೆಕ್ಷನ್ ಶಿಕ್ಷಕರ ಕರ್ತವ್ಯಗಳನ್ನು ಪಟ್ಟಿ ಮಾಡುತ್ತದೆ. ಸಮಯಕ್ಕೆ ಸರಿಯಾಗಿ ಬರಬೇಕು. ನಿಗದಿತ ಅವಧಿಯಲ್ಲಿ ಇಡೀ ಪಠ್ಯಕ್ರಮ ಮುಗಿಸಬೇಕು. ಪ್ರತಿ ಮಗುವಿನ ಕಲಿಕಾ ಸಾಮರ್ಥ್ಯವನ್ನು ಅಂದಾಜಿಸಿ, ಅದಕ್ಕೆ ತಕ್ಕಂತೆ ಹೆಚ್ಚುವರಿ ಬೋಧನೆ ಒದಗಿಸಬೇಕು. ಪೋಷಕರೊಡನೆ ನಿಯಮಿತವಾಗಿ ಸಭೆ ನಡೆಸಬೇಕು.

ಇವುಗಳಲ್ಲಿ ಇಲಾಖೆ ಪರಿಶೀಲಿಸುವುದು ಯಾವುದನ್ನು? ಹಾಜರಿ ಪುಸ್ತಕವನ್ನು, ಪಾಠ ಯೋಜನೆಯ ಪುಸ್ತಕವನ್ನು, ಪಠ್ಯ ಎಲ್ಲಿಯವರೆಗೆ ಆಯಿತು ಎಂಬುದನ್ನು. ಪ್ರತಿ ಮಗು ಎಲ್ಲಿದೆ ಎಂಬ ಕರ್ತವ್ಯ ಕಾಗದದಲ್ಲೇ ಉಳಿದಿದೆ. ಕಾರಣ ಸರಳ. ಪಠ್ಯ ಮುಗಿಸುವುದೂ ಹಿಂದುಳಿದ ಮಗುವಿಗಾಗಿ ನಿಲ್ಲುವುದೂ ಒಂದೇ ಗಂಟೆಗಾಗಿ ಪೈಪೋಟಿ ನಡೆಸುತ್ತವೆ. ಯಾವುದಕ್ಕೆ ನೋಟಿಸ್ ಬರುತ್ತದೆಯೋ ಆ ಕೆಲಸವೇ ಗೆಲ್ಲುತ್ತದೆ.

ಪರಿಣಾಮ ಹೀಗೆ ಬೆಳೆಯುತ್ತದೆ. ಒಂದನೇ ತರಗತಿಯಲ್ಲಿ ಅಕ್ಷರ ಗಟ್ಟಿಯಾಗದ ಮಗು ಎರಡನೇ ತರಗತಿಗೆ ಬಂದಾಗ ಪುಸ್ತಕ ಅದಕ್ಕಾಗಿ ಕಾಯುವುದಿಲ್ಲ. ಮೂರನೇ ತರಗತಿಗೆ ಬರುವ ಹೊತ್ತಿಗೆ ಮಗು ಕಪ್ಪುಹಲಗೆಯ ಮೇಲಿನದನ್ನು ಚಂದವಾಗಿ ನಕಲು ಮಾಡಲು ಕಲಿತಿರುತ್ತದೆ, ಬರೆದದ್ದನ್ನು ಓದಲು ಬರುವುದಿಲ್ಲ. ನೋಟ್ ಪುಸ್ತಕ ತುಂಬಿದೆ, ಪಠ್ಯ ಮುಗಿದಿದೆ, ತಪಾಸಣೆಯಲ್ಲಿ ಎಲ್ಲವೂ ಸರಿಯಿದೆ. ಮಕ್ಕಳ ಓದು, ಲೆಕ್ಕದ ಮಟ್ಟ ಅಳೆಯುವ ಅಸರ್ ಸಮೀಕ್ಷೆಯ 2024ರ ವರದಿ ಪ್ರಕಾರ ಗ್ರಾಮೀಣ ಭಾರತದ ಐದನೇ ತರಗತಿ ಮಕ್ಕಳಲ್ಲಿ ಎರಡನೇ ತರಗತಿ ಮಟ್ಟದ ಪಾಠ ಓದಬಲ್ಲವರು ಶೇ 48.8. ಉಳಿದ ಅರ್ಧಕ್ಕೂ ಹೆಚ್ಚು ಮಕ್ಕಳು ದಾಖಲೆಗಳಲ್ಲಿ ಪಠ್ಯ ಮುಗಿಸಿದವರೇ.

ಈ ಗಂಟನ್ನು ಬಿಚ್ಚಿದ್ದು ಪ್ರಥಮ್ ಸಂಸ್ಥೆ ರೂಪಿಸಿದ, ಮಕ್ಕಳನ್ನು ತರಗತಿಯ ಬದಲು ಓದಿನ ಮಟ್ಟದ ಮೇಲೆ ಗುಂಪು ಮಾಡಿ ಕಲಿಸುವ ಕ್ರಮ. ಅದರಲ್ಲೂ ಗಮನಿಸಬೇಕಾದ್ದು ಎರಡು ರಾಜ್ಯಗಳ ವ್ಯತ್ಯಾಸ. ಬಿಹಾರದಲ್ಲಿ ಸರ್ಕಾರಿ ಶಿಕ್ಷಕರಿಗೆ ತರಬೇತಿ, ಸಾಮಗ್ರಿ ಎರಡೂ ಸಿಕ್ಕಿದವು. ಶಾಲೆಯ ದಿನಚರಿ ಬದಲಾಗಲಿಲ್ಲ. ಶಿಕ್ಷಕರು ಆ ವಿಧಾನ ಒಳ್ಳೆಯದೆಂದು ಒಪ್ಪಿದರು, ಬಳಸಲಿಲ್ಲ. ಪಠ್ಯ ಮುಗಿಸಬೇಕಿತ್ತಲ್ಲ! ಹರಿಯಾಣದಲ್ಲಿ 2012–13ರಲ್ಲಿ ಸರ್ಕಾರವೇ ಇದಕ್ಕೆಂದು ದಿನಕ್ಕೆ ಒಂದು ಗಂಟೆ ತೆಗೆದಿರಿಸಿತು. ಮೇಲ್ವಿಚಾರಣೆ ಮಾಡಬೇಕಿದ್ದ ಕ್ಷೇತ್ರ ಸಿಬ್ಬಂದಿ ಮೊದಲು ತಾವೇ ಎರಡು ಮೂರು ವಾರ ಆ ವಿಧಾನದಲ್ಲಿ ಮಕ್ಕಳಿಗೆ ಪಾಠ ಮಾಡಿದರು, ಆಮೇಲೆ ಶಿಕ್ಷಕರಿಗೆ ನೆರವಾದರು. ಮಕ್ಕಳ ಹಿಂದಿ ಓದು ಸುಧಾರಿಸಿತು. ಸರ್ಕಾರಿ ಶಿಕ್ಷಕರೇ, ಯಾವ ಬೋನಸ್ಸೂ ವಜಾದ ಬೆದರಿಕೆಯೂ ಇಲ್ಲದೆ ಇದನ್ನು ಮಾಡಿದರು. ಅವರಿಗೆ ಸಿಕ್ಕಿದ್ದು ಪಠ್ಯದಿಂದ ಬಿಡುಗಡೆಯಾದ ಒಂದು ಗಂಟೆ ಮತ್ತು ಆ ಕೆಲಸವನ್ನು ಸ್ವತಃ ಮಾಡಿ ಬಲ್ಲ ಮೇಲ್ವಿಚಾರಕ.

ಕರ್ನಾಟಕಕ್ಕೆ ಈ ಆಲೋಚನೆ ಹೊಸದಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ ನಲಿಕಲಿ ಬೋಧನಾ ಕ್ರಮ ರೂಪುಗೊಂಡಿದ್ದು ಆಂಧ್ರದ ರಿಷಿ ವ್ಯಾಲಿ ಶಿಕ್ಷಣ ಸಂಸ್ಥೆಯ ಪ್ರಯೋಗ ನೋಡಿ ಬಂದ ಸರ್ಕಾರಿ ಶಾಲೆಯ ಶಿಕ್ಷಕರ ಕೈಯಲ್ಲೇ. ಅದರ ಕಲಿಕಾ ಏಣಿಯಲ್ಲಿ ಪ್ರತಿ ಮಗುವಿಗೂ ತನ್ನದೇ ಮೆಟ್ಟಿಲು. ಜ್ವರ ಬಂದು ಹತ್ತು ದಿನ ಶಾಲೆ ತಪ್ಪಿಸಿಕೊಂಡ ಮಗು ಬಿಟ್ಟಲ್ಲಿಂದಲೇ ಮುಂದುವರಿಯುತ್ತದೆ. ಯಾವ ಮಗು ಎಲ್ಲಿ ನಿಂತಿದೆ ಎಂಬ ಲೆಕ್ಕ ಗೋಡೆಯ ಮೇಲೇ ಕಾಣುತ್ತದೆ. ಉತ್ತರದಾಯಿತ್ವ ಎಂದು ಯಾರೂ ಹೆಸರಿಡದೆಯೇ ಅದನ್ನು ಬೋಧನೆಯೊಳಗೆ ನೇಯ್ದಿದ್ದರು. 2009ರ ಹೊತ್ತಿಗೆ ಅದು ರಾಜ್ಯದ ಎಲ್ಲ ಸರ್ಕಾರಿ ಕನ್ನಡ ಶಾಲೆಗಳಿಗೆ ಹಬ್ಬಿತು. ಆದರೆ ನಾಲ್ಕನೇ ತರಗತಿಗೆ ಕಾಲಿಟ್ಟೊಡನೆ ಏಣಿ ಮುಗಿದು ಪಠ್ಯಪುಸ್ತಕದ ಓಟ ಶುರುವಾಗುತ್ತದೆ.

ಮೇಲಿನವರು ಯಾರಿಗೆ ಲೆಕ್ಕ ಕೊಡುತ್ತಾರೆ?

ಶಿಕ್ಷಕರನ್ನು ಪ್ರಶ್ನಿಸುವ ವ್ಯವಸ್ಥೆ ತನ್ನನ್ನು ತಾನು ಹೇಗೆ ಅಳೆದುಕೊಳ್ಳುತ್ತದೆ ಎಂಬುದಕ್ಕೆ ಮಧ್ಯಪ್ರದೇಶ ಉದಾಹರಣೆ. ಅಲ್ಲಿ ಶಾಲೆಗಳನ್ನು ಹತ್ತಾರು ಅಂಶಗಳ ಮೇಲೆ ಮೌಲ್ಯಮಾಪನ ಮಾಡಿ, ಪ್ರತಿ ಶಾಲೆಗೂ ಸುಧಾರಣಾ ಯೋಜನೆ ಬರೆಸುವ ದೊಡ್ಡ ಕಾರ್ಯಕ್ರಮ ನಡೆಯಿತು. ಯೋಜನೆಗಳು ಸಿದ್ಧವಾದವು, ಪೋರ್ಟಲ್‌ಗೆ ಸೇರಿದವು. ಬೋಧನೆ, ಶಿಕ್ಷಕರ ಹಾಜರಾತಿ, ಮಕ್ಕಳ ಅಂಕ ಯಾವುದೂ ಬದಲಾಗಲಿಲ್ಲ ಎಂದು ಸ್ವತಂತ್ರ ಅಧ್ಯಯನ ತೋರಿಸಿತು. ಆದರೂ ಅದನ್ನು ಯಶಸ್ವಿ ಎಂದೇ ಪರಿಗಣಿಸಿ ದೇಶದ ಆರು ಲಕ್ಷಕ್ಕೂ ಹೆಚ್ಚು ಶಾಲೆಗಳಿಗೆ ವಿಸ್ತರಿಸಲಾಯಿತು. ಕೆಲಸ ಆಯಿತೇ ಎಂದು ನೋಡುವವರಿಗೆ ಕಂಡದ್ದು ಕಾಗದ ಮಾತ್ರ.

ಕೀನ್ಯಾ ಬೇರೆ ದಾರಿ ಹಿಡಿಯಿತು. 2015ರಲ್ಲಿ ಆರಂಭವಾದ ‘ತುಸೋಮೆ’ ಕಾರ್ಯಕ್ರಮದಲ್ಲಿ (ಸ್ವಾಹಿಲಿಯಲ್ಲಿ ‘ಓದೋಣ’ ಎಂದರ್ಥ) ನಮ್ಮ ಸಿಆರ್‌ಪಿಗಳಂಥ (ಶಾಲಾ ಗುಂಪುಗಳಿಗೆ ನೇಮಕವಾದ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಗಳು) ಕ್ಷೇತ್ರ ಅಧಿಕಾರಿಗಳಿಗೆ ಟ್ಯಾಬ್ಲೆಟ್ ಕೊಟ್ಟು, ತರಗತಿಯಲ್ಲಿ ಕುಳಿತು ಪಾಠ ನೋಡಿ, ಕೆಲವು ಮಕ್ಕಳಿಂದ ಓದಿಸಿ, ಅಲ್ಲೇ ಶಿಕ್ಷಕರೊಡನೆ ಮಾತಾಡುವ ಕೆಲಸ ವಹಿಸಲಾಯಿತು. ಅವರ ಪ್ರಯಾಣ ಭತ್ಯೆ ಹೀಗೆ ದಾಖಲಾದ ಭೇಟಿಗಳ ಲೆಕ್ಕದ ಮೇಲೆ ನಿಂತಿತ್ತು. ಅಂದರೆ ಮೊದಲು ಲೆಕ್ಕ ಕೊಡಬೇಕಾಗಿ ಬಂದದ್ದು ಮೇಲ್ವಿಚಾರಕರೇ. ಬ್ರೆಜಿಲ್‌ನ ಸಿಯಾರಾ ರಾಜ್ಯ ಇನ್ನೂ ಮೇಲಕ್ಕೆ ಹೋಯಿತು. 2007ರ ಕಾನೂನಿನ ಮೂಲಕ ಪುರಸಭೆಗಳಿಗೆ ಸಲ್ಲುವ ತೆರಿಗೆ ಪಾಲಿನ ಒಂದು ಭಾಗವನ್ನು ಶಾಲಾ ಫಲಿತಾಂಶಕ್ಕೆ ಕಟ್ಟಿತು. ಮಕ್ಕಳು ಓದದಿದ್ದರೆ ಮೇಯರ್‌ನ ಬೊಕ್ಕಸಕ್ಕೇ ಪೆಟ್ಟು. ಆ ರಾಜ್ಯದ ಸೋಬ್ರಾಲ್ ಪಟ್ಟಣದಲ್ಲಿ ಈ ಶತಮಾನದ ಆರಂಭದಲ್ಲಿ ಎರಡನೇ ವರ್ಷದ ಅರ್ಧದಷ್ಟು ಮಕ್ಕಳಿಗೆ ಓದಲು ಬರುತ್ತಿರಲಿಲ್ಲ. 2015ರ ರಾಷ್ಟ್ರೀಯ ಸೂಚ್ಯಂಕದಲ್ಲಿ ಅದು ಬ್ರೆಜಿಲ್‌ಗೇ ಮೊದಲ ಸ್ಥಾನದಲ್ಲಿತ್ತು.

ನಮ್ಮಲ್ಲಿ ಸಿಆರ್‌ಪಿಗಳ ದಿನ ಬಿಸಿಯೂಟದ ಅಂಕಿ, ಸಮವಸ್ತ್ರದ ಅಂಕಿ, ಸಭೆಯ ವರದಿಗಳಲ್ಲಿ ಕಳೆಯುತ್ತದೆ. ಪೋಷಕರಿರುವ ಶಾಲಾಭಿವೃದ್ಧಿ ಸಮಿತಿಗಳು, ಅಂದರೆ ಎಸ್‌ಡಿಎಂಸಿಗಳಿವೆ, ಊರಿನವರೇ ಕೇಳಬಹುದಲ್ಲ ಎಂದರೆ, ಅದಕ್ಕೂ ಮಿತಿಯಿದೆ. ಉತ್ತರ ಪ್ರದೇಶದ ಜೌನ್‌ಪುರದಲ್ಲಿ ಗ್ರಾಮ ಶಿಕ್ಷಣ ಸಮಿತಿಗಳ ಅಧಿಕಾರದ ಬಗ್ಗೆ ಜನರಿಗೆ ಮಾಹಿತಿ ಕೊಟ್ಟು ಸಭೆ ನಡೆಸಿದರೂ ಶಾಲೆಗಳಲ್ಲಿ ಏನೂ ಬದಲಾಗಲಿಲ್ಲ. ಅದೇ ಜಿಲ್ಲೆಯ ಕೆಲವು ಹಳ್ಳಿಗಳ ಯುವಕರಿಗೆ ಓದಿಸುವುದನ್ನು ಕಲಿಸಿ ಶಿಬಿರ ನಡೆಸಿದಾಗ ಮಕ್ಕಳು ಓದಿದರು. ಸಂಬಳ, ವರ್ಗಾವಣೆ, ರಜೆ ಯಾವುದರ ಮೇಲೂ ಹಿಡಿತವಿಲ್ಲದ ಕೂಲಿಕಾರ ತಾಯಿ ಮೇಷ್ಟ್ರನ್ನು ಪ್ರಶ್ನಿಸಬೇಕು ಎನ್ನುವುದು, ಇಲಾಖೆ ತನ್ನ ಹೊಣೆಯನ್ನು ಅವಳ ತಲೆಗೆ ಕಟ್ಟಿದಂತೆ.

ಇದೇ ಕಾಯ್ದೆಯ 27ನೇ ಸೆಕ್ಷನ್ ಶಿಕ್ಷಕರನ್ನು ಶಿಕ್ಷಣೇತರ ಕೆಲಸಕ್ಕೆ ಹಚ್ಚಬಾರದು ಎನ್ನುತ್ತದೆ. ಹತ್ತು ವರ್ಷಕ್ಕೊಮ್ಮೆಯ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ, ಈ ಮೂರಕ್ಕಷ್ಟೇ ವಿನಾಯಿತಿ. ರಾಜ್ಯ ಸರ್ಕಾರಗಳ ಸಮೀಕ್ಷೆಗಳ ಹೆಸರು ಅಲ್ಲಿಲ್ಲ. 23ನೇ ಸೆಕ್ಷನ್ ಹಿಡಿದು ಶಿಕ್ಷಕರ ಅರ್ಹತೆ ಕೇಳುವ ವ್ಯವಸ್ಥೆ, 27ನೆಯದರ ವಿಷಯದಲ್ಲಿ ತಾನೂ ಉತ್ತರ ಹೇಳಬೇಕಲ್ಲವೇ?

ಮುಂದಿನ ಎರಡು ವರ್ಷ

ಪರಿಸ್ಥಿತಿ ಪೂರ್ತಿ ಕತ್ತಲಲ್ಲ. ಅಸರ್ ಪ್ರಕಾರ ಗ್ರಾಮೀಣ ಭಾರತದ ಸರ್ಕಾರಿ ಶಾಲೆಗಳ ಮೂರನೇ ತರಗತಿ ಮಕ್ಕಳಲ್ಲಿ ಎರಡನೇ ತರಗತಿ ಪಾಠ ಓದಬಲ್ಲವರು 2022ರಲ್ಲಿ ಶೇ 16.3 ಇದ್ದರು, 2024ರಲ್ಲಿ ಶೇ 23.4ಕ್ಕೆ ಏರಿದ್ದಾರೆ. 2021ರಲ್ಲಿ ಆರಂಭವಾದ ನಿಪುಣ್ ಭಾರತ್ ಅಭಿಯಾನದಿಂದ ಬುನಾದಿ ಓದು, ಲೆಕ್ಕ ಎಂಬ ಸ್ಪಷ್ಟ ಗುರಿ ಶಾಲೆಗಳಿಗೆ ತಲುಪಿದ್ದು ಇದಕ್ಕೆ ಒಂದು ಕಾರಣ ಎಂದು ಅಸರ್ ವರದಿಯೂ ಗುರುತಿಸಿದೆ. ಏನು ಮಾಡಬೇಕು ಎಂಬುದು ತಿಳಿಯಾದಾಗ ಇದೇ ಶಿಕ್ಷಕರು ಮಾಡಿದ್ದಾರೆ.

ನಿಪುಣ್ ಗುರಿಯ ಗಡುವು 2026–27. ಆ ಶೈಕ್ಷಣಿಕ ವರ್ಷದ ಕೊನೆಯ ಭಾಗದಲ್ಲಿ, 2027ರ ಫೆಬ್ರುವರಿಯಲ್ಲಿ, ಜನಗಣತಿಯ ಎಣಿಕೆ ಇದೆ. ಅದಕ್ಕೂ ಮೊದಲು 2026ರಲ್ಲಿ ಮನೆಪಟ್ಟಿ ಕಾರ್ಯ. ಎರಡಕ್ಕೂ ಶಿಕ್ಷಕರೇ ಬೇಕು, ಕಾಯ್ದೆ ಅದಕ್ಕೆ ಒಪ್ಪುತ್ತದೆ. ತೀರ್ಪು ಬದಲಾಗದಿದ್ದರೆ ಟಿಇಟಿಯ ಗಡುವು ಮುಗಿಯುವುದು 2027ರ ಆಗಸ್ಟ್ ಕೊನೆಗೆ. ಅದಕ್ಕೆ ಓದಿಕೊಳ್ಳಬೇಕಾದವರೂ ಅವರೇ. ದೇಶದಲ್ಲಿ 2024–25ರಲ್ಲಿ ಒಬ್ಬರೇ ಶಿಕ್ಷಕರಿದ್ದ ಶಾಲೆಗಳು 1,04,125, ಅಲ್ಲಿ ಕಲಿಯುತ್ತಿದ್ದ ಮಕ್ಕಳು 33 ಲಕ್ಷಕ್ಕೂ ಹೆಚ್ಚು. ಗಣತಿಯ ಕರ್ತವ್ಯ ಪಟ್ಟಿ ಸಿದ್ಧಪಡಿಸುವ ಜಿಲ್ಲಾಡಳಿತಗಳು ಈ ಶಾಲೆಗಳನ್ನು ಪಟ್ಟಿಯಿಂದ ಹೊರಗಿಡುತ್ತವೆಯೇ, ದಿನಕ್ಕೆ ಒಂದು ಗಂಟೆಯನ್ನಾದರೂ ಓದಿಗೆಂದು ಮೀಸಲಿಡುವ ಆದೇಶ ಇಲಾಖೆಗಳಿಂದ ಹೊರಡುತ್ತದೆಯೇ ಎಂಬುದು ಆ ಮೂರನೇ ತರಗತಿಯ ಅಂಕಿ ಮುಂದಿನ ಸಮೀಕ್ಷೆಯಲ್ಲಿ ಏರುವುದೋ ಇಳಿಯುವುದೋ ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುತ್ತದೆ.